ಕೇಳಬಾರದ ವರ

ನಮ್ಮ ಮನೆಯಲ್ಲಿ ಮೊಬೈಲ್ ಸೈಲೆಂಟ್ ಆಗುವಂತಿಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರೂ, ನೆಂಟರ ಮದುವೆಯಲ್ಲಿ ಧಾರೆ ನಡೆಯುತ್ತಿದ್ದರೂ, ಗರ್ಭಗುಡಿಯ ಮುಂದೆ ಮಂಗಳಾರತಿಗೆ ಕಾಯುತ್ತ ನಿಂತಿದ್ದರೂ ಅದು ಎಚ್ಚರವಾಗಿರಬೇಕು. ಕಿಡ್ನಿ ಕಸಿಗೆ ಹೆಸರು ಬರೆಸಿ ಕಾಯುತ್ತಿರುವ ಮನೆಗಳಲ್ಲೆಲ್ಲ ಇದೇ ರೂಢಿ. ಮಿದುಳು ನಿಷ್ಕ್ರಿಯಗೊಂಡವರ ಮನೆಯವರು ಅಂಗದಾನಕ್ಕೆ ಒಪ್ಪಿದ ಮೇಲೆ ಎಲ್ಲವೂ ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ತೆಗೆದ ಕಿಡ್ನಿಯನ್ನು ತಣ್ಣಗೆ ಕಾಪಾಡಿದರೂ ಒಂದು ದಿನದ ಆಚೀಚೆಯೊಳಗೆ ಅದು ಇನ್ನೊಂದು ದೇಹವನ್ನು ಸೇರಬೇಕು. ಹಾಗಾಗಿ ಕರೆ ಬಂದಾಗ ನಾವು ಸಿಗದೆ ಹೋದರೆ ಅದು ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತದೆ. ಹೋಗಬೇಕಾದದ್ದೂ ಸರಿಯೇ.

ನಮ್ಮ ಯಜಮಾನರ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ವರ್ಷಗಳಾದವು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅವರದು ಓ ಗುಂಪಿನ ರಕ್ತ. ಓ ಗುಂಪಿನವರ ಕಿಡ್ನಿ ಎಲ್ಲ ಗುಂಪಿನವರಿಗೂ ಆಗಿಬರುತ್ತದೆ, ಆದರೆ ಓ ಗುಂಪಿನವರಿಗೆ ಓ ಗುಂಪಿನದೇ ಆಗಬೇಕು. ಕೊಡುವಾಗ ಧಾರಾಳ, ಪಡೆಯುವಾಗ ಬಡತನ. ನನ್ನ ಗುಂಪು ಬೇರೆ, ಮೈದುನನಿಗೆ ಸಕ್ಕರೆ ಕಾಯಿಲೆ, ಅತ್ತೆಗೆ ವಯಸ್ಸಾಗಿದೆ. ಮನೆಯೊಳಗೆ ಕೊಡುವವರು ಯಾರೂ ಉಳಿಯಲಿಲ್ಲವಾದ್ದರಿಂದ ಆಸ್ಪತ್ರೆಯ ಮೂಲಕ, ರಾಜ್ಯದಲ್ಲಿ ದಾನದ ಅಂಗಗಳ ಹಂಚಿಕೆ ನೋಡಿಕೊಳ್ಳುವ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಸೇರಿತು. ಅಂದಿನಿಂದ ಕಾಯುತ್ತಿದ್ದೇವೆ.

ಕಾಯುವವರಿಗೆ ಮಂಡ್ಯದಲ್ಲಿ ಸಮಾಧಾನಕ್ಕೆ ಬರವಿಲ್ಲ. ತರಕಾರಿ ಅಂಗಡಿಯವರಿಂದ ಹಿಡಿದು ನಮ್ಮ ಪ್ರಾಂಶುಪಾಲರವರೆಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ತಾಳ್ಮೆಯಿರಲಿ, ದೇವರ ಮೇಲೆ ಭಾರ ಹಾಕಿ, ಅವನು ತಡ ಮಾಡಿದರೂ ಕೈಬಿಡುವುದಿಲ್ಲ. ಹೇಳುವವರ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭಾರವನ್ನು ಹಾಕುವ ಮೊದಲು ಅದನ್ನು ಎತ್ತಿಕೊಳ್ಳಬೇಕಲ್ಲ, ಅಲ್ಲಿಯೇ ನನ್ನ ತೊಡಕು. ದೇವರೇ ಬೇಗ ಒಂದು ಕಿಡ್ನಿ ಸಿಗುವಂತೆ ಮಾಡು ಎಂದು ಬೇಡಿಕೊಳ್ಳುವುದೆಂದರೆ, ಎಲ್ಲಿಯೋ ಒಂದು ಮನೆಯಲ್ಲಿ, ಹೆಚ್ಚಾಗಿ ಬೈಕಿನಲ್ಲಿ ಹೋಗುವ ವಯಸ್ಸಿನ ಮಗನೊಬ್ಬನಿರುವ ಮನೆಯಲ್ಲಿ, ಬೇಗ ಒಂದು ಸಾವು ಆಗಲಿ ಎಂದಂತೆಯೇ. ಮಳೆಗಾಗಿ, ಮಗುವಿಗಾಗಿ, ಮಗಳ ಮದುವೆಗಾಗಿ ಕಾಯುವವರು ಬಾಯಿಬಿಟ್ಟು ಕೇಳಬಹುದಾದ ಹಾಗೆ ನಾವು ಕೇಳಲಾರೆವು. (ಇದನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದಾಗ, ಸರ್ಕಾರಿ ಕೆಲಸಕ್ಕೆ ಕಾಯುವವನ ಪ್ರಾರ್ಥನೆಯೂ ಇನ್ನೊಬ್ಬನಿಗೆ ಕೆಲಸ ತಪ್ಪಲಿ ಎಂಬುದೇ ಅಲ್ಲವೇ ಮೇಡಂ ಎಂದು ವಾದಿಸಿದ. ಇರಬಹುದು. ಆದರೂ ಕೆಲಸ ತಪ್ಪಿದವನು ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾನೆ.)

ಹಾಗಾದರೆ ಕೇಳಬಾರದ ವರಕ್ಕಾಗಿ ಕಾಯುವವರು ದೇವರ ಮುಂದೆ ನಿಂತು ಏನು ಮಾಡಬೇಕು? ಇಷ್ಟು ದಿನ ನನ್ನನ್ನು ಬಿಡದೆ ಕಾಡಿದ್ದು ಈ ಪ್ರಶ್ನೆ.

ಆ ರಾತ್ರಿ

ಒಂದು ಸಲ ಕರೆ ಬಂದಿತು. ರಾತ್ರಿ ಊಟ ಮುಗಿದು ಮಲಗುವ ಹೊತ್ತು. ಏನನ್ನೂ ತಿನ್ನಬೇಡಿ, ನೀರೂ ಕುಡಿಯಬೇಡಿ, ತಕ್ಷಣ ಮೈಸೂರಿಗೆ ಬನ್ನಿ ಎಂದರು. ಹೊಂದಾಣಿಕೆ ನೋಡಲು ಇನ್ನೊಬ್ಬರನ್ನೂ ಕರೆಸಿದ್ದೇವೆ ಎಂಬುದನ್ನೂ ಮುಚ್ಚಿಡದೆ ತಿಳಿಸಿದರು. ಫೈಲು, ಬಟ್ಟೆ, ಹೊದಿಕೆ ಎಲ್ಲವೂ ತಿಂಗಳುಗಳಿಂದ ಒಂದು ಬ್ಯಾಗಿನಲ್ಲಿ ಸಿದ್ಧವಾಗಿದ್ದವು. ಮೈದುನ ಕಾರು ತಂದ. ಯಜಮಾನರು ಮುಂದಿನ ಸೀಟಿನಲ್ಲಿ ಎಡಗೈಯನ್ನು ಎದೆಗೆ ಒತ್ತಿಕೊಂಡು ಕುಳಿತರು. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಕೂಡಿಸಿದ ಕೈ ಅದು, ಮುಟ್ಟಿದರೆ ಒಳಗೆ ಜುಮ್ಮೆಂದು ರಕ್ತ ಹರಿಯುವುದು ತಿಳಿಯುತ್ತದೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸೇತುವೆಯ ಮೇಲೆ ಬಂದಾಗ ನಮ್ಮ ಕಡೆಯವರೆಲ್ಲ ಮಾಡುವಂತೆ ನಾನೂ ರಂಗನಾಥನ ಗೋಪುರದ ದಿಕ್ಕಿಗೆ ಕೈಮುಗಿದೆ. ಚಿಕ್ಕಂದಿನಿಂದ ಮಾಡಿಕೊಂಡು ಬಂದ ಅಭ್ಯಾಸ. ಆ ಜಾಗ ಬಂದರೆ ಕೈ ತಾನಾಗಿಯೇ ಜೋಡುತ್ತದೆ, ಬಾಯಿ ತಾನಾಗಿಯೇ ಏನಾದರೂ ಕೇಳುತ್ತದೆ. ಅಂದು ಕೈ ಜೋಡಿತು, ಮಾತು ಹುಟ್ಟಲಿಲ್ಲ. ಈ ಕಿಡ್ನಿ ನಮಗೆ ಆಗಿಬರಲಿ ಎನ್ನಬಹುದಿತ್ತು, ಏಕೆಂದರೆ ಸಾವು ಆಗಲೇ ಸಂಭವಿಸಿಯಾಗಿತ್ತು, ನಾನು ಕೇಳಿದ್ದರಿಂದ ಅದು ಆಗಿರಲಿಲ್ಲ. ಹೀಗೆಲ್ಲ ತರ್ಕ ಹೂಡುವ ಹೊತ್ತಿಗೆ ಸೇತುವೆ ದಾಟಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಒಂದು ಪಡಸಾಲೆಯಲ್ಲಿ ಕೂರಿಸಿದರು. ಕಸಿಗೆ ಮೊದಲು ದಾನಿಯ ಜೀವಕೋಶಗಳಿಗೆ ರೋಗಿಯ ರಕ್ತದ ದ್ರವವನ್ನು ಬೆರೆಸಿ, ಅದು ಅವುಗಳ ಮೇಲೆ ಮುಗಿಬೀಳುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ಅದಕ್ಕೆ ಗಂಟೆಗಟ್ಟಲೆ ಬೇಕು. ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ, ತೀವ್ರ ನಿಗಾ ಘಟಕದ ಬಾಗಿಲಿನ ಹತ್ತಿರ, ನೆಲದ ಮೇಲೆ ಒಂದು ಕುಟುಂಬ ಕುಳಿತಿತ್ತು. ಮಧ್ಯವಯಸ್ಸಿನ ಹೆಂಗಸು, ಗೋಡೆಗೊರಗಿದ ಇಬ್ಬರು ಗಂಡಸರು, ಶಾಲೆಯ ಸ್ವೆಟರ್ ಹಾಕಿಕೊಂಡಿದ್ದ ಒಂದು ಹುಡುಗಿ. ಆ ಹೆಂಗಸಿನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಗಂಡಸರ ಚಪ್ಪಲಿ, ಕೆಂಪು ಮಣ್ಣು ಮೆತ್ತಿಕೊಂಡಿದ್ದು, ಒಂದರ ಪಟ್ಟಿ ಕಿತ್ತುಹೋಗಿತ್ತು. ಆಕೆ ಅದರ ಬಾಯಿಯನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು.

ಅವರೇ ಆ ಮನೆಯವರೋ ಅಲ್ಲವೋ ನನಗೆ ತಿಳಿಯದು. ದಾನಿಯ ಕಡೆಯವರು ಯಾರೆಂದು ಪಡೆಯುವವರಿಗೆ ಹೇಳುವುದಿಲ್ಲ, ಪಡೆಯುವವರು ಯಾರೆಂದು ಅವರಿಗೂ ಹೇಳುವುದಿಲ್ಲ. ಅದು ನಿಯಮ, ಮತ್ತು ಅಂದು ಆ ನಿಯಮದ ವಿವೇಕ ನನಗೆ ಅರ್ಥವಾಯಿತು. ದಾನ ನಡೆದದ್ದು ಬೇರೆ ಆಸ್ಪತ್ರೆಯಲ್ಲಿಯೇ ಇದ್ದಿರಬಹುದು. ಆದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ನಾನು ಓದಿಕೊಂಡಿದ್ದೆ. 1994ರ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ ನಡೆಸಿದ ಮೇಲೆಯೇ ಮಿದುಳು ಸತ್ತಿದೆ ಎಂದು ಬರೆದುಕೊಡಬೇಕು. ಅಂದರೆ ನಾವು ಕಾಯುವವರೆಂದು ನಮ್ಮನ್ನು ನಾವು ಕರೆದುಕೊಳ್ಳುವಾಗ, ಇನ್ನೊಂದು ಮನೆಯವರು ಆ ಆರು ಗಂಟೆಗಳನ್ನು ಕಾದಿರುತ್ತಾರೆ. ಮೊದಲ ಪರೀಕ್ಷೆ ಸುಳ್ಳಾಗಲಿ, ಎರಡನೆಯದರಲ್ಲಿ ಕಣ್ಣೆವೆ ಅಲುಗಲಿ ಎಂದು ಅವರೂ ದೇವರನ್ನು ಬೇಡಿರುತ್ತಾರೆ. ಒಂದೇ ರಾತ್ರಿ, ಒಂದೇ ದೇವರಿಗೆ, ಎರಡು ಮನೆಗಳಿಂದ ಒಂದಕ್ಕೊಂದು ಎದುರಾದ ಎರಡು ಮೊರೆಗಳು ಹೋಗಿರುತ್ತವೆ.

ಬೆಳಗಿನ ಜಾವ ವೈದ್ಯರು ಬಂದು, ಆಗಿಬರಲಿಲ್ಲ ಎಂದರು. ಹಿಂದೆ ರಕ್ತ ಏರಿಸಿದ್ದರಿಂದ ಇವರ ದೇಹದಲ್ಲಿ ಹುಟ್ಟಿಕೊಂಡಿದ್ದ ಪ್ರತಿಕಾಯಗಳು ಆ ಕಿಡ್ನಿಯನ್ನು ಒಲ್ಲೆನೆಂದವಂತೆ. ಇನ್ನೊಬ್ಬರಿಗೆ ಹೊಂದಿತು. ಬ್ಯಾಗನ್ನು ಎತ್ತಿಕೊಂಡು ಹೊರಗೆ ಬಂದೆವು. ಮೈದುನ ಕಾಫಿಗೆ ನಿಲ್ಲಿಸಲೇ ಎಂದು ಕೇಳಿದ, ಯಾರೂ ಉತ್ತರಿಸಲಿಲ್ಲ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, ಶ್ರೀರಂಗಪಟ್ಟಣ ಹತ್ತಿರವಾದಾಗ ಹೇಳಿದರು: “ಆ ಮನೆಗೆ ಇನ್ನೂ ಹೆಣ ಹೋಗಿರಲ್ಲ ಕಣೆ. ಪೋಸ್ಟ್‌ಮಾರ್ಟಮ್ ಆಗ್ಬೇಕು, ಆಮೇಲೆ ಊರಿಗೆ.”

ನನಗೆ ಆ ಹೊತ್ತಿನಲ್ಲಿ ನಮ್ಮ ದುಃಖ ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ. ಹಾಗಿದ್ದದ್ದು ತಪ್ಪೆಂದೂ ನಾನು ಹೇಳುವುದಿಲ್ಲ. ಆದರೆ ಕೈತಪ್ಪಿದ್ದು ಯಾರಿಗೋ ಅವರೇ ಮೊದಲು ಆ ಇನ್ನೊಂದು ಮನೆಯನ್ನು ನೆನೆದರು ಎಂಬುದು, ಯಾವ ಪ್ರವಚನವೂ ಕಲಿಸದ ಹಾಗೆ, ಕಾಯುವುದೆಂದರೇನು ಎಂಬುದರ ಬಗೆಗೆ ನನ್ನನ್ನು ಯೋಚನೆಗೆ ಹಚ್ಚಿತು.

ಪಕ್ಕದ ಹಾಸಿಗೆ

ಡಯಾಲಿಸಿಸ್ ಕೋಣೆಯ ವಿಚಾರವನ್ನು ಬಹಳ ಬರೆಯಬೇಕಿಲ್ಲ, ಹೋಗಿ ಬಂದವರಿಗೆ ಗೊತ್ತಿದೆ. ಬಂದ ಕೂಡಲೇ ತೂಕ ನೋಡುತ್ತಾರೆ. ಹಿಂದಿನ ಸಲದಿಂದ ಏರಿರುವ ತೂಕವೆಲ್ಲ ಕುಡಿದ ನೀರು. ಮದ್ದೂರಿನ ಎಳನೀರು ಮಾರುಕಟ್ಟೆಯ ಮುಂದೆ ಬೆಳೆದ ಇವರಿಗೆ ಈಗ ಎಳನೀರು ವಿಷ, ಅದರಲ್ಲಿರುವ ಪೊಟ್ಯಾಸಿಯಮ್ ಹೃದಯವನ್ನೇ ನಿಲ್ಲಿಸಬಲ್ಲದು. ಮನೆಯಲ್ಲಿ ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದಿಡುತ್ತೇನೆ. ದೇವಸ್ಥಾನದಲ್ಲಿ ತೀರ್ಥ ಕೊಟ್ಟರೆ ಅದೂ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಇವರು ತಮಾಷೆ ಮಾಡುತ್ತಾರೆ.

ಹೇಳಬೇಕಾದದ್ದು ಪಕ್ಕದ ಹಾಸಿಗೆಯವರ ವಿಷಯ. ಅವರದೂ ಓ ಗುಂಪು, ಅವರೂ ಅದೇ ಪಟ್ಟಿಯಲ್ಲಿದ್ದಾರೆ, ನಮಗಿಂತ ಮುಂಚೆ ಹೆಸರು ಬರೆಸಿದವರು. ಅವರ ಹೆಂಡತಿಯೂ ನಾನೂ ಹೊರಗಿನ ಬೆಂಚಿನ ಮೇಲೆ ಬುತ್ತಿ ಹಂಚಿಕೊಂಡು ತಿನ್ನುತ್ತೇವೆ. ಅವರ ಹುಚ್ಚೆಳ್ಳಿನ ಚಟ್ನಿಗೆ ಸಮನಾದದ್ದನ್ನು ನಾನು ಎಲ್ಲಿಯೂ ತಿಂದಿಲ್ಲ. ಅವರಿಗೆ ಕಿಡ್ನಿ ಸಿಕ್ಕರೆ ನಾವು ಒಂದು ಮೆಟ್ಟಿಲು ಮುಂದೆ ಹೋಗುತ್ತೇವೆ. ಅವರಿಗೆ ಏನಾದರೂ ಕೆಟ್ಟದ್ದಾದರೂ ಒಂದು ಮೆಟ್ಟಿಲು ಮುಂದೆ ಹೋಗುತ್ತೇವೆ. ಇದು ಇಬ್ಬರಿಗೂ ಗೊತ್ತು, ಇಬ್ಬರೂ ಆಡುವುದಿಲ್ಲ. ಒಂದು ದಿನ ಅವರು ಬರಲಿಲ್ಲ. ಹಾಸಿಗೆ ಖಾಲಿ ಇತ್ತು. ಆ ಕೋಣೆಯಲ್ಲಿ ಖಾಲಿ ಹಾಸಿಗೆಯ ಬಗೆಗೆ ಯಾರೂ ಕೇಳುವುದಿಲ್ಲ. ನಾನು ಹೊರಗೆ ಬಂದು ಫೋನು ಹಚ್ಚಿದೆ. ಜ್ವರವಂತೆ, ಸಂಜೆ ಬರುತ್ತೇವೆ ಎಂದರು. ಫೋನು ಇಟ್ಟಾಗ ಕೈ ನಡುಗುತ್ತಿತ್ತು, ಮತ್ತು ಆ ನಡುಕ ಪೂರ್ತಿಯಾಗಿ ಸಂತೋಷದ್ದೇ ಎಂಬುದು ಖಚಿತವಾದಾಗ ಮನಸ್ಸಿಗೆ ಒಂದು ನೆಮ್ಮದಿ ಸಿಕ್ಕಿತು. ಆ ನೆಮ್ಮದಿಯನ್ನು ದೇವರು ಕೊಟ್ಟದ್ದೆಂದೇ ನಾನು ಎಣಿಸಿದ್ದೇನೆ.

ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಮನೆಯ ಮಗನನ್ನು ರಸ್ತೆಯಲ್ಲಿ ಬೀಳಿಸಿ ಇನ್ನೊಂದು ಮನೆಯವರ ತಾಳ್ಮೆಯನ್ನು ಅಳೆಯುವವನು ನಾನು ಕೈಮುಗಿಯುವ ದೇವರಲ್ಲ. ಅಪಘಾತಕ್ಕೆ ಕಾರಣ ರಸ್ತೆ, ವೇಗ, ಹೆಲ್ಮೆಟ್ ಇಲ್ಲದ ತಲೆ. ಕಿಡ್ನಿ ಕೆಡಲು ಕಾರಣ ವರ್ಷಗಟ್ಟಲೆ ನೋಡಿಕೊಳ್ಳದೆ ಬಿಟ್ಟ ರಕ್ತದೊತ್ತಡ. ದೇವರನ್ನು ಇವುಗಳ ಗುಮಾಸ್ತನನ್ನಾಗಿ ಮಾಡುವುದರಿಂದ ನಮ್ಮ ಭಕ್ತಿಯೇನೂ ಹೆಚ್ಚುವುದಿಲ್ಲ.

ಮೇಲುಕೋಟೆಯ ಹನ್ನೆರಡು ವರ್ಷ

ನಮ್ಮ ಜಿಲ್ಲೆಗೆ ಕಾಯುವಿಕೆಯ ಒಂದು ದೊಡ್ಡ ಕಥೆಯಿದೆ, ಎಲ್ಲರಿಗೂ ಗೊತ್ತಿರುವುದೇ. ಚೋಳ ರಾಜನ ಕೋಪಕ್ಕೆ ಶ್ರೀರಂಗವನ್ನು ಬಿಟ್ಟು ಹೊಯ್ಸಳ ನಾಡಿಗೆ ಬಂದ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿ ತಂಗಿ, ಮೇಲುಕೋಟೆಯಲ್ಲಿ ನೆಲೆಸಿ, ಹನ್ನೆರಡು ವರ್ಷ ಇಲ್ಲಿದ್ದರೆಂಬುದು ಸಂಪ್ರದಾಯದ ಮಾತು. ವೈರಮುಡಿಗೆ ಹೋದಾಗಲೆಲ್ಲ ಕೇಳಿದ ಈ ಕಥೆಯಲ್ಲಿ ಎರಡು ಸಂಗತಿಗಳು ನನಗೆ ಈಗೀಗ ಬೇರೆಯೇ ಆಗಿ ಕಾಣುತ್ತಿವೆ. ಒಂದು, ಅವರು ತಪ್ಪಿಸಿಕೊಂಡು ಬರಲು ಸಾಧ್ಯವಾದದ್ದು ಶಿಷ್ಯ ಕೂರೇಶರು ಗುರುವಿನ ಕಾಷಾಯವನ್ನು ತಾವು ಉಟ್ಟು ರಾಜಸಭೆಗೆ ಹೋದದ್ದರಿಂದ; ಅಲ್ಲಿ ಕೂರೇಶರು ಕಣ್ಣುಗಳನ್ನು ಕಳೆದುಕೊಂಡರು. ಎರಡು, ಅವರು ಮರಳಿ ಶ್ರೀರಂಗಕ್ಕೆ ಹೋಗಲು ಸಾಧ್ಯವಾದದ್ದು ಆ ರಾಜ ಸತ್ತ ಮೇಲೆ. ಅವರ ಕಾಯುವಿಕೆಯ ಒಂದು ತುದಿಯಲ್ಲಿ ಇನ್ನೊಬ್ಬರ ಕಣ್ಣು, ಇನ್ನೊಂದು ತುದಿಯಲ್ಲಿ ಇನ್ನೊಬ್ಬರ ಸಾವು.

ಹಿಂತಿರುಗುವ ದಿನ ಯಾವುದೆಂದು ಅವರಿಗೂ ತಿಳಿದಿರಲಿಲ್ಲ. ಆ ನಡುವಿನ ವರ್ಷಗಳಲ್ಲಿ ಅವರು ಏನು ಮಾಡಿದರೆಂಬುದನ್ನು ನಮ್ಮ ಜನ ಇಂದಿಗೂ ಎಣಿಸಿ ಹೇಳುತ್ತಾರೆ: ತಿರುನಾರಾಯಣನ ಗುಡಿಯ ಪೂಜೆಯನ್ನು ಮತ್ತೆ ನೆಲೆಗೊಳಿಸಿದ್ದು, ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ತಂದದ್ದು, ಊರ ಹೊರಗಿಟ್ಟವರನ್ನು ತಿರುಕುಲದವರೆಂದು ಕರೆದು ಗುಡಿಯೊಳಗೆ ಬರಮಾಡಿಕೊಂಡದ್ದು. ತೊಣ್ಣೂರಿನ ಆ ದೊಡ್ಡ ಕೆರೆಯನ್ನೂ ಅವರ ಹೆಸರಿಗೇ ಸೇರಿಸುತ್ತಾರೆ. ಇತಿಹಾಸಕಾರರು ಇವುಗಳಲ್ಲಿ ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದು ಬೇರೆ ಮಾತು. ಹೋಗುವ ಕಾಲ ಬಂದಾಗ ಇಲ್ಲಿಯ ಶಿಷ್ಯರು ಅತ್ತರಂತೆ, ಅವರಿಗಾಗಿ ತಮ್ಮ ಪ್ರತಿಮೆಯೊಂದನ್ನು ಬಿಟ್ಟುಹೋದರಂತೆ. ಕಾಯಲೆಂದು ಬಂದವರು ಹೋಗುವಾಗ ಒಂದು ಊರೇ ಅಳುವಂತೆ ಅವರು ಅಲ್ಲಿ ಬದುಕಿದ್ದರೆಂದರೆ, ಆ ಹನ್ನೆರಡು ವರ್ಷಗಳನ್ನು ಶ್ರೀರಂಗಕ್ಕೆ ಮುಂಚಿನ ಖಾಲಿ ಜಾಗವೆಂದು ಅವರು ಎಣಿಸಿರಲಿಕ್ಕಿಲ್ಲ. ದೇವರನ್ನು ನಂಬಿ ಕಾಯುವುದರಲ್ಲಿ ನನಗೆ ತಿಳಿಯುವ ಭಾಗ ಇದು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಇವರು ಗೊಬ್ಬರದ ಅಂಗಡಿಯನ್ನು ತೆರೆಯುತ್ತಾರೆ, ಸಾಲದ ಪುಸ್ತಕ ಬರೆಯುತ್ತಾರೆ, ಕಬ್ಬಿಗೆ ಯಾವ ಗೊಬ್ಬರ ಎಷ್ಟು ಎಂದು ಹುಡುಗರಿಗೆ ಗದರಿ ಹೇಳುತ್ತಾರೆ. ಕಿಡ್ನಿ ಬಂದ ಮೇಲೆ ಶುರುವಾಗಲಿರುವ ಬದುಕು ಎಂದು ಒಂದನ್ನು ನಾವು ಬೇರೆ ಎತ್ತಿಟ್ಟಿಲ್ಲ.

ಕಾಶ್ಯಪ ಗೋತ್ರ

ಆ ರಾತ್ರಿ ಕಳೆದು ಕೆಲವು ದಿನಗಳ ಮೇಲೆ ನಾನೊಬ್ಬಳೇ ಶ್ರೀರಂಗಪಟ್ಟಣಕ್ಕೆ ಹೋದೆ. ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದನೆನ್ನುವ ಆ ಗುಡಿಯೊಳಗೆ ಆದಿರಂಗ ಮಲಗಿಯೇ ಇದ್ದಾನೆ, ಶೇಷನ ಮೇಲೆ, ಯೋಗನಿದ್ರೆಯಲ್ಲಿ. ನಮ್ಮ ತಾಯಿ ಇವನನ್ನು ನೋಡಿದಾಗಲೆಲ್ಲ, ಊರಿಗೆಲ್ಲ ನಿದ್ದೆಗೆಡಿಸಿ ತಾನು ಮಲಗಿದ್ದಾನೆ ನೋಡು ಎನ್ನುತ್ತಿದ್ದರು. ಜನ ಕಡಮೆಯಿತ್ತು. ಅರ್ಚನೆಯ ಚೀಟಿ ಕೊಟ್ಟೆ, ಇವರ ಹೆಸರು, ನಕ್ಷತ್ರ ಹೇಳಿದೆ. ಆಮೇಲೆ ಇನ್ನೊಂದು ಚೀಟಿ ಚಾಚಿದೆ.

“ಇದು ಯಾರ ಹೆಸರಿಗಮ್ಮ?”

“ಹೆಸರು ಗೊತ್ತಿಲ್ಲ ಸ್ವಾಮಿ.”

“ಗೋತ್ರ?”

“ಅದೂ ಗೊತ್ತಿಲ್ಲ.”

ಅರ್ಚಕರು ಒಂದು ಕ್ಷಣ ನನ್ನ ಮುಖ ನೋಡಿದರು. ವಯಸ್ಸಾದವರು, ಇಂಥ ಗಿರಾಕಿಗಳನ್ನು ಕಂಡವರಿರಬೇಕು. “ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಗೋತ್ರ ಅನ್ನೋಣ. ಆ ವ್ಯಕ್ತಿ ಇದ್ದಾರೋ, ಹೋಗಿಬಿಟ್ಟಿದ್ದಾರೋ?”

“ಇದ್ದಾರೆ” ಎಂದೆ. “ಆಯುಷ್ಯ ಕೊಡಲಿ ಅಂತ ಮಾಡಿ.”

ಅವರು ಹೆಸರಿನ ಜಾಗದಲ್ಲಿ ಏನು ಸೇರಿಸಿದರೋ ನನಗೆ ಕೇಳಿಸಲಿಲ್ಲ, ಮಂತ್ರ ಮುಂದುವರಿಯಿತು. ಆ ಅರ್ಚನೆ ಯಾರಿಗೆಂದು ನನಗೆ ಗೊತ್ತಿತ್ತು. ಈಗ ಎಲ್ಲಿಯೋ ಬೈಕ್ ಒರೆಸುತ್ತಲೋ, ಕಬ್ಬಿಗೆ ನೀರು ತಿರುಗಿಸುತ್ತಲೋ ಇರುವ, ಓ ಗುಂಪಿನ, ನಮ್ಮನ್ನು ಕಂಡರಿಯದ ಒಬ್ಬನಿಗೆ. ಯಾರಿಂದ ನಮಗೆ ಕಿಡ್ನಿ ಬರಬೇಕೋ ಅವನಿಗೇ ನೂರು ವರ್ಷ ಆಯುಷ್ಯ ಬೇಡಿದೆ. ಹಾಗೆ ಬೇಡಿದ್ದು ಪೂರ್ತಿ ನಿಜವಾದ ಮನಸ್ಸಿನಿಂದಲೇ ಎಂದು ಯಾರಾದರೂ ಕೇಳಿದರೆ, ಅಲ್ಲ. ಮನಸ್ಸಿನ ಇನ್ನೊಂದು ಅರ್ಧ ಆಗಲೂ ಫೋನಿನ ಕಡೆಗೆ ಕಿವಿಗೊಟ್ಟಿತ್ತು. ಎರಡನ್ನೂ ನಾನು ಮುಚ್ಚಿಡಲಿಲ್ಲ, ಎರಡರಲ್ಲಿ ಒಂದನ್ನು ಆರಿಸಲೂ ಇಲ್ಲ. ನನ್ನಿಂದ ಬಿಡಿಸಲಾಗದ ಈ ಗಂಟನ್ನು ಗಂಟಾಗಿಯೇ ಅವನ ಪಾದದ ಹತ್ತಿರ ಇಟ್ಟೆ. ಭಾರ ಹಾಕುವುದೆಂದು ಜನ ಹೇಳುವುದು ಇದನ್ನೇ ಆದರೆ, ನಾನು ಹಾಕಿದ್ದೇನೆ. ಇಷ್ಟೇ ಬೇಕೆಂದು ನಾನು ಬಾಯಿಬಿಟ್ಟು ಹೇಳಲಾರದ್ದನ್ನು ಅವನು ಬಲ್ಲ ಎಂಬುದಷ್ಟೇ ನನ್ನ ನಂಬಿಕೆ; ಸಿಗುತ್ತದೆ ಎಂಬ ಭರವಸೆ ಅದರಲ್ಲಿ ಸೇರಿಲ್ಲ. ಸೇರಿಲ್ಲದಿದ್ದರೂ ಅದರಿಂದ ರಾತ್ರಿ ನಿದ್ದೆ ಬರುತ್ತದೆ, ಇದು ಅನುಭವದ ಮಾತು.

ಇದನ್ನೆಲ್ಲ ಅತ್ತೆಗೆ ಹೇಳಲು ಹೋಗಲಿಲ್ಲ. ಅವರ ಲೆಕ್ಕ ಮೊದಲಿನಿಂದಲೂ ನೇರ: ಮಗನಿಗೆ ಕಿಡ್ನಿ ಸಿಕ್ಕಿದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಮೊನ್ನೆ ಅವರೇ ಅದನ್ನು ಇಳಿಸಿ, ಗಂಟು ಬಿಚ್ಚಿ, ಕಾಸು ಎಣಿಸುತ್ತ ಕುಳಿತಿದ್ದರು. ಏನತ್ತೆ ಎಂದೆ. “ಈ ಶಿವರಾತ್ರಿಗೇ ಬೆಟ್ಟಕ್ಕೋಯ್ತೀನಿ ಕಣವ್ವ. ಕಿಡ್ನಿ ಬತ್ತದೋ ಬುಡ್ತದೋ ಅದು ಮಾದಪ್ಪಂಗೆ ಬುಟ್ಟಿದ್ದು. ನನ್ನ ಮಂಡಿ ಮಾತ್ರ ಅಲ್ಲೀಗಂಟ ಕಾಯಕ್ಕಿಲ್ಲ” ಎಂದರು. ಹರಕೆಯ ಷರತ್ತು ಹೀಗೆ ಬಿದ್ದುಹೋದದ್ದಕ್ಕೆ ಮಾದಪ್ಪನ ಅಭ್ಯಂತರವೇನೂ ಇದ್ದಂತಿಲ್ಲ. ಅಭ್ಯಂತರವಿರುವುದು ಅವರ ಮಗನಿಗೆ. ಊರಿಂದಲೇ ನಡೆಯುವುದು ಬೇಡ, ತಾಳಬೆಟ್ಟದವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹತ್ತಲಿ ಎಂಬುದು ಇವರ ವಾದ. ಜೊತೆಗೆ ತಾನೂ ಬರುತ್ತೇನೆಂಬ ಹಟ ಬೇರೆ. ಡಯಾಲಿಸಿಸ್ ಮುಗಿದ ಮರುದಿನ ನಸುಕಿನಲ್ಲಿ ಹೊರಟು, ಇವರನ್ನು ಮೇಲಿನವರೆಗೆ ಕಾರಿನಲ್ಲಿ ಕರೆದೊಯ್ದು, ಅತ್ತೆ ಹತ್ತಿ ಬರುವಷ್ಟರಲ್ಲಿ ದರ್ಶನದ ಸಾಲಿನಲ್ಲಿ ನಿಲ್ಲಿಸಿ, ಅದರ ಮಾರನೆಯ ದಿನದೊಳಗೆ ವಾಪಸು ಬರಲು ಆದೀತೇ ಎಂದು ಮೈದುನನೂ ನಾನೂ ಲೆಕ್ಕ ಹಾಕುತ್ತಿದ್ದೇವೆ.